ಬೆನ್ನು ಹಾಕಿ ನಾಟಕ ನೋಡಿದ ನಮ್ಮ ಭಾವ

ನಮ್ಮ ಭಾವ ಗಂಗಾಧರಪ್ಪನವರು ನಾಟಕಕ್ಕೆ ಹೋದರೆ ರಂಗಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಕೂರುವುದೇನೋ ಮುಂದಿನ ಸಾಲಿನಲ್ಲೇ, ಊರಿನ ಗಣ್ಯರಿಗೆಂದು ಹಾಕಿದ ಕುರ್ಚಿಯಲ್ಲೇ. ಆದರೆ ಕುರ್ಚಿಯನ್ನು ಹಿಂದುಮುಂದು ತಿರುಗಿಸಿಕೊಂಡು. ಅವರ ಬೆನ್ನ ಹಿಂದೆ ರಾಜ ಗದೆ ಬೀಸುತ್ತಿದ್ದರೆ ಅವರು ಎಲೆಯಡಿಕೆ ಮೆಲ್ಲುತ್ತ ಜನರ ಮುಖ ನೋಡುತ್ತಿದ್ದರು. ಜನರಿಗೆ ಇದರಿಂದ ಬಹಳ ಕಷ್ಟವಾಗುತ್ತಿತ್ತು. ದುಃಖದ ಸೀನಿನಲ್ಲಿ ಹಾಯಾಗಿ ಅಳೋಣವೆಂದು ಸೆರಗು ಕಣ್ಣಿಗೆ ತಂದುಕೊಂಡರೆ, ಎದುರಿಗೆ ಒಬ್ಬ ಮಹಾನುಭಾವ ಅದನ್ನೇ ಕಾಯುತ್ತ ಕೂತಿದ್ದರೆ ಅಳು ಹೇಗೆ ಬಂದೀತು?

ಇದರಲ್ಲಿ ಇನ್ನೊಂದು ವಿಶೇಷವಿತ್ತು. ಹಾಗೆ ಬೆನ್ನು ಹಾಕುತ್ತಿದ್ದದ್ದು ಬೇರೆಯವರ ಸ್ವತ್ತಿಗಲ್ಲ. ಹಿಂದೆ ಇಳಿಬಿಟ್ಟ ಪರದೆಗಳೆಲ್ಲ ಅವರವೇ. ಯಲಹಂಕದ ಹಳೇ ಊರಿನ ಸಂತೆಬೀದಿಯಲ್ಲಿ ಅವರದು ಡ್ರಾಮಾ ಸೀನರಿ ಬಾಡಿಗೆಗೆ ಕೊಡುವ ವ್ಯಾಪಾರ. ಹೆಬ್ಬಾಳದಿಂದ ಆಚೆ ದೇವನಹಳ್ಳಿ ಕಡೆಯವರೆಗೆ ಯಾವ ಹಳ್ಳಿಯಲ್ಲಿ ಯಾವ ರಾಜ್ಯ ಮುಳುಗಿದರೂ ಎದ್ದರೂ ನಮ್ಮ ಭಾವನ ದರ್ಬಾರಿನ ಪರದೆಯ ಮುಂದೆಯೇ ಆಗಬೇಕಾಗಿತ್ತು.

ಅವರು ಹುಟ್ಟಾ ಹೀಗಿದ್ದವರಲ್ಲ. ಮೊದಲು ಅವರಷ್ಟು ಜಂಬದ ಮನುಷ್ಯ ಆ ಬೀದಿಯಲ್ಲಿ ಇರಲಿಲ್ಲ. ದರ್ಬಾರು, ಕಾಡು, ಬೀದಿ, ನದಿ, ಜೈಲು ಎಂದು ಐದು ಪರದೆ. ಬಿದಿರಿಗೆ ಸುತ್ತಿ ನಡುಮನೆಯ ಗೋಡೆಗುಂಟ ಮಲಗಿಸಿರುತ್ತಿದ್ದರು. ನನಗೆ ಪಟ್ಟಣದಲ್ಲಿ ಸರ್ಕಾರಿ ಗುಮಾಸ್ತೆ ಕೆಲಸ ಸಿಕ್ಕಿ ಅಕ್ಕನ ಮನೆಯಲ್ಲಿ ಬಿಡಾರ ಮಾಡಿದಾಗ ನನ್ನ ಚಾಪೆಗೆ ಮಿಕ್ಕಿದ್ದು ಜೈಲಿನ ಪಕ್ಕದ ಜಾಗ. ಸರ್ಕಾರಿ ನೌಕರನಿಗೆ ಒಪ್ಪುವ ಜಾಗವೇ ಎಂದು ನಾನೂ ಸುಮ್ಮನಾದೆ. ಬೀದಿಯ ಪರದೆಯಲ್ಲಿ ಪೇಂಟರು, ಮಲ್ಲೇಶ್ವರದ ಯಾವುದೋ ರಸ್ತೆಯನ್ನು ನೋಡಿ ಬರೆದವನು, ಒಂದು ಕರೆಂಟು ಕಂಬವನ್ನೂ ಬರೆದುಬಿಟ್ಟಿದ್ದ. ಪುರಾಣಕಾಲದ ಮಹಾರಾಜರೆಲ್ಲ ಆ ಕಂಬದ ಕೆಳಗೇ ವೇಷ ಮರೆಸಿಕೊಂಡು ತಿರುಗುತ್ತಿದ್ದರು. ಯಾರಾದರೂ ತಕರಾರು ಮಾಡಿದರೆ ಭಾವ, "ಕತ್ತಲಲ್ಲಿ ನಡೆದು ಹಳ್ಳಕ್ಕೆ ಬೀಳ್ಲಿ ಅಂತೀಯಾ ಮಹಾರಾಜ?" ಎನ್ನುತ್ತಿದ್ದರು. ನದಿಯ ಪರದೆಯ ಮೇಲಂತೂ ಅವರಿಗೆ ವಿಪರೀತ ಮೋಹ. ಅದರಲ್ಲಿ ಅಲೆ, ತಾವರೆ, ಬಾತುಕೋಳಿ, ದೂರದಲ್ಲಿ ಒಂದು ಹಡಗು, ಎಲ್ಲವೂ ಇದ್ದವು. "ನೋಡಯ್ಯ ರುದ್ರ, ಇದರ ಮುಂದೆ ನಿಂತ್ರೆ ನೆಗಡಿ ಆಗುತ್ತೆ" ಎನ್ನುವರು.

ಇಂಥವರನ್ನು ಕೆಡಿಸಿದ್ದು ಚೀನಾ ದೇಶ. ಕರೆದುಕೊಂಡು ಹೋದವನು ನಾನು.

ಐವತ್ತರ ದಶಕದ ನಡುವಿನ ಮಾತು. ಆಗ ನಾವೂ ಚೀನಾದವರೂ ಅಣ್ಣತಮ್ಮಂದಿರಾಗಿದ್ದ ಕಾಲ. ಆ ದೇಶದ ಒಂದು ನಾಟಕದ ತಂಡ ಬೆಂಗಳೂರಿಗೆ ಬಂತು. ನಮ್ಮ ಆಫೀಸಿನ ಮೇಲಧಿಕಾರಿಗಳಿಗೆ ಭಾನುವಾರ ಮಧ್ಯಾಹ್ನದ ಆಟಕ್ಕೆ ಎರಡು ಪಾಸು ಬಂದಿದ್ದವು. ಅವರಿಗೆ ಅಣ್ಣತಮ್ಮಂದಿರ ಮೇಲೆ ಗೌರವವಿತ್ತೇ ಹೊರತು ಮಧ್ಯಾಹ್ನದ ನಿದ್ದೆ ಕೆಡಿಸಿಕೊಳ್ಳುವಷ್ಟು ಪ್ರೀತಿ ಇರಲಿಲ್ಲ. ಪಾಸುಗಳು ನನ್ನ ಮೇಜಿಗೆ ಇಳಿದವು. "ಭಾವ, ಚೀನಾ ಸೀನರಿ ನೋಡೋಣ ಬನ್ನಿ" ಎಂದೆ. ಅವರು ಜರಿಯ ಅಂಚಿನ ಪಂಚೆ ಉಟ್ಟು, ಪ್ರತಿಸ್ಪರ್ಧಿಯ ಅಂಗಡಿಗೆ ಹೋಗುವವರ ಗತ್ತಿನಲ್ಲಿ ಹೊರಟರು.

ತೆರೆ ಸರಿಯಿತು. ಹಿಂದೆ ಒಂದು ಸಾದಾ ಬಟ್ಟೆ. ಮುಂದೆ ಒಂದು ಮೇಜು, ಎರಡು ಕುರ್ಚಿ. ಅಷ್ಟೇ. ಭಾವ ಅತ್ತ ಇತ್ತ ಕತ್ತು ಚಾಚಿ ನೋಡಿದರು. ಅವರ ಮುಖದಲ್ಲಿ ಮೊದಲು ಗೆಲುವು ಕಂಡಿತು, ಆಮೇಲೆ ಕನಿಕರ.

"ಪಾಪ ಕಣೋ. ಸಾಮಾನೆಲ್ಲ ಹಡಗಲ್ಲೇ ಉಳ್ಕೊಂಡಿರಬೇಕು. ಒಂದು ಮಾತು ಹೇಳಿಕಳ್ಸಿದ್ರೆ ನಾನೇ ನದಿ ಕೊಡ್ತಿದ್ದೆ. ಬಾಡಿಗೇನೂ ಬೇಡ, ಪರದೇಶಿಗಳು."

ಎದ್ದು ಒಳಗೆ ಹೋಗಿ ವಿಚಾರಿಸಿಯೇ ಬರುತ್ತೇನೆಂದು ಹೊರಟವರನ್ನು ಪಂಚೆ ಹಿಡಿದು ಕೂರಿಸಿದೆ. ಅಷ್ಟರಲ್ಲಿ ಒಬ್ಬರು ಬಂದು ಇಂಗ್ಲಿಷಿನಲ್ಲಿ ವಿವರಣೆ ಕೊಟ್ಟರು. ನಾನು ನನಗೆ ತಿಳಿದಷ್ಟನ್ನು ಭಾವನ ಕಿವಿಗೆ ಹಾಕಿದೆ. ಇವರಲ್ಲಿ ಸೀನರಿಯ ಪದ್ಧತಿಯೇ ಇಲ್ಲ. ಕೈಯಲ್ಲಿ ಕುಚ್ಚು ಕಟ್ಟಿದ ಚಾವಟಿ ಹಿಡಿದರೆ ಕುದುರೆ ಏರಿದ ಹಾಗೆ. ಮೇಜಿನ ಮೇಲೆ ನಿಂತರೆ ಬೆಟ್ಟ. ಬೇರೆ ಬೇರೆ ಸೀಮೆಯ ತಂಡಗಳು ರಾಜಧಾನಿಗೆ ಬಂದು ಒಬ್ಬರ ಧಾಟಿ ಇನ್ನೊಬ್ಬರು ಕಲಿತು ಬೆರೆಸಿ ಈ ಆಟ ಬೆಳೆಯಿತು. ಆಮೇಲೂ ಒಬ್ಬೊಬ್ಬ ದೊಡ್ಡ ನಟ ಒಂದೊಂದು ಹೊಸದನ್ನು ಸೇರಿಸಿದ. ಹಿಂದೆ ರಂಗದ ಮೇಲೇ ಒಬ್ಬ ಆಳು ಸಾದಾ ಬಟ್ಟೆಯಲ್ಲಿ ಓಡಾಡಿಕೊಂಡು ಕುರ್ಚಿ ಎತ್ತಿಡುತ್ತಿದ್ದನಂತೆ. ಅವನು ಕಣ್ಣಿಗೆ ಕಂಡರೂ ಇಲ್ಲವೆಂದೇ ಲೆಕ್ಕ. ಈಗಿನ ಸುಧಾರಕರು ಅವನನ್ನು ತೆಗೆದುಹಾಕಿದ್ದಾರೆ.

"ತೆಗೆದದ್ದು ತಪ್ಪು" ಎಂದರು ಭಾವ. ವ್ಯಾಪಾರಸ್ಥರು ನೋಡಿ, ಆಳಿನ ಕಷ್ಟ ಅವರಿಗೆ ಗೊತ್ತು.

ಆಮೇಲೆ ಒಬ್ಬ ಮುದುಕ ಅಂಬಿಗ ಕೈಯಲ್ಲಿ ಬರೀ ಒಂದು ಹುಟ್ಟು ಹಿಡಿದು ಬಂದ. ದೋಣಿ ಇಲ್ಲ, ನೀರಿಲ್ಲ. ಒಬ್ಬ ಹುಡುಗಿ ದಡದಲ್ಲಿ ನಿಂತು ಹಿಂದೆಮುಂದೆ ನೋಡಿ ಕಾಲಿಟ್ಟಳು. ಅವಳು ಈ ತುದಿಯಲ್ಲಿ ಕುಸಿದಳು. ಅವನು ಆ ತುದಿಯಲ್ಲಿ ಮೇಲೆದ್ದ. ಅವನು ಕುಸಿದ, ಅವಳು ಎದ್ದಳು. ಇಬ್ಬರ ನಡುವೆ ಇಲ್ಲದ ದೋಣಿ ಓಲಾಡತೊಡಗಿತು. ಭಾವ ನನ್ನ ಮೊಣಕಾಲು ಹಿಡಿದುಕೊಂಡರು. "ಬೀಳ್ತಾಳೆ ಕಣೋ!" ಎಂದು ಗಟ್ಟಿಯಾಗಿಯೇ ಹೇಳಿದರು. ನಾನು ನಾಚಿಕೆಯಿಂದ ಸುತ್ತ ನೋಡಿ ಮತ್ತೆ ಇತ್ತ ತಿರುಗಿದರೆ, ನಮ್ಮ ಭಾವ ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಜರಿಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಕೂತಿದ್ದಾರೆ.

ವಾಪಸು ರೈಲು ಹತ್ತಿದೆವು. ಯಶವಂತಪುರದಲ್ಲಿ ಇಂಜಿನ್ನು ನೀರು ಕುಡಿಯಲು ನಿಂತಾಗ ಬಾಯಿ ಬಿಟ್ಟರು.

"ಇಷ್ಟು ವರ್ಷ ಜನಕ್ಕೆ ನದಿ ಬರೆದು ತೋರಿಸ್ದೆ. ಒಬ್ಬನ ಕಾಲೂ ಒದ್ದೆ ಆಗ್ಲಿಲ್ಲ. ಅವರು ಏನೂ ಬರೀದೆ ನನ್ನ ಪಂಚೆ ಒದ್ದೆ ಮಾಡಿಬಿಟ್ರು. ನಾಚಿಕೆ ಆಗ್ತಿದೆ ಕಣೋ ರುದ್ರ."

ನಾನು, ಸಂಜೆಗಾಳಿಗೆ ಹಾಗಾಗುತ್ತದೆ, ಮನೆಗೆ ಹೋಗಿ ಉಂಡರೆ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲಿಲ್ಲ. ಊಟಕ್ಕೆ ಕೂತಾಗಲೇ ಪ್ರಕಟಿಸಿದರು, ಇನ್ನು ಮೇಲೆ ಪರದೆ ಬಾಡಿಗೆಗೆ ಕೊಡುವುದಿಲ್ಲವೆಂದು.

ಅಕ್ಕ ನಂಜಮ್ಮ ಮುದ್ದೆ ಮುರಿಯುತ್ತಿದ್ದವಳು ತಲೆ ಎತ್ತಿದಳು. "ಮತ್ತೆ ಊಟಕ್ಕೆ?"

"ಊಟ ಬೇರೆ, ಕಲೆ ಬೇರೆ ನಂಜಿ."

"ಬೇರೆ ಬೇರೆ ಆದ್ರೆ ಬೆಳಿಗ್ಗೆ ಒಲೆ ಮೇಲೆ ಯಾವುದನ್ನ ಇಡ್ಲಿ ಹೇಳ್ಬಿಡಿ."

ಪರದೆ ಕೇಳಿಕೊಂಡು ಬಂದವರನ್ನು ಭಾವ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು, ಪರದೆಯಿಂದಾಗುವ ಅನಾಹುತಗಳನ್ನು ಕುರಿತು ಉಪದೇಶ ಮಾಡುತ್ತಿದ್ದರು. ಮದ್ಯದಂಗಡಿಯವನೇ ಪಾನನಿರೋಧದ ಭಾಷಣ ಮಾಡಿದ ಹಾಗೆ. ಬಂದವರು ಕಾಫಿ ಕುಡಿದು, ಹೌದು ಹೌದು ಎಂದು ತಲೆಯಾಡಿಸಿ, ನೇರವಾಗಿ ಯಶವಂತಪುರದ ಇನ್ನೊಬ್ಬ ಸೀನರಿಯವನ ಹತ್ತಿರ ಹೋಗುತ್ತಿದ್ದರು. ಅಕ್ಕ ಮೊದಲು ಬೆಳ್ಳಿಯ ಲೋಟ ಒಳಗಿಟ್ಟಳು. ಆಮೇಲೆ ಲೋಟವೇ ಕಾಣಲಿಲ್ಲ. ನಾವಿಬ್ಬರೂ ಅದನ್ನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಒಂದು ಸಲ ಜನ ಕಣ್ಣಾರೆ ಕಂಡರೆ ಸಾಕು, ಊರೂರಿಂದ ತನ್ನನ್ನೇ ಕರೆಯುತ್ತಾರೆ, ಪರದೆ ಹೊರುವ ಗಾಡಿಯೂ ಬೇಡ, ಕಲಿಸುವ ವಿದ್ಯೆಗೇ ಸಂಭಾವನೆ ಎಂದು ಭಾವನ ಲೆಕ್ಕ. ಆ 'ಒಂದು ಸಲ'ದ ಮೇಲೆ ಮನೆಯ ಒಲೆಯೂ ನಿಂತಿತ್ತು, ಅವರ ಮರ್ಯಾದೆಯೂ ನಿಂತಿತ್ತು.

ಕೆರೆಯಾಚೆಯ ಹಳ್ಳಿಯವರು ಆ ವರ್ಷ ಒಂದು ಹೊಸ ನಾಟಕ ಎತ್ತಿಕೊಂಡಿದ್ದರು. ಅಲ್ಲಿಯ ನಿವೃತ್ತ ಶಾನುಭೋಗರು ಬರೆದದ್ದು. ರಾಜ್ಯ ಕಳೆದುಕೊಂಡ ಒಬ್ಬ ರಾಜ ನದಿ ದಾಟಿ ಕಾಡಿಗೆ ಹೋಗುವ ಕಥೆ. ಭಾವ ಹೋಗಿ ವೇಷಭೂಷಣ, ದೀಪ ಎಲ್ಲ ಪುಕ್ಕಟೆ ಕೊಡುತ್ತೇನೆ, ಆದರೆ ಆಟ ನನ್ನ ಕ್ರಮದಲ್ಲಿ ನಡೆಯಬೇಕು ಎಂದರು. ಪುಕ್ಕಟೆ ಎಂಬ ಮಾತಿನ ನಂತರದ್ದನ್ನು ಯಾರೂ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಪಾತ್ರ ಬೇಕಾದವನು ತಾನೇ ಹಣ ತೆತ್ತು ಪಾತ್ರ ತೆಗೆದುಕೊಳ್ಳಬೇಕು. ಹೆಚ್ಚು ತೆತ್ತವನು ರಾಜ. ಹಾಗೆ ಪಟೇಲರ ಮಗ ಬೈಲಪ್ಪ ರಾಜನಾದ. ಅಂಬಿಗನ ಪಾತ್ರಕ್ಕೆ ಯಾರೂ ಬರಲಿಲ್ಲ. ಕೈಯಿಂದ ಕೊಟ್ಟು ಹುಟ್ಟು ಹಾಕುವ ಮೂರ್ಖರು ಆ ಹಳ್ಳಿಯಲ್ಲಿರಲಿಲ್ಲ. ಭಾವ ನನ್ನ ಕಡೆ ನೋಡಿದರು. ಅವರ ಮನೆಯ ಅನ್ನ ತಿನ್ನುತ್ತಿದ್ದೆ.

ಹಿತ್ತಲಿನಲ್ಲಿ ತಾಲೀಮು. ನಾನೂ ಬೈಲಪ್ಪನೂ ಎದುರುಬದುರು ನಿಂತು ಒಬ್ಬ ಕುಸಿದಾಗ ಇನ್ನೊಬ್ಬ ಏಳಬೇಕು. ಬೈಲಪ್ಪನಿಗೆ ಕುಸಿಯುವುದೇ ಒಪ್ಪಿಗೆಯಿಲ್ಲ. "ಅಲ್ಲ ಗಂಗಾಧರಪ್ನೋರೇ, ನಾನ್ ರಾಜ. ಅಂಬಿಗ ಮೇಲೆದ್ರೆ ನಾನ್ಯಾಕ್ ಕೂತ್ಕೋಬೇಕು?" ಭಾವ ಶಾಂತವಾಗಿ, "ನೀರಿಗೆ ಅದು ಗೊತ್ತಿಲ್ವಲ್ಲಪ್ಪ" ಎಂದರು. ಗೋಡೆಯ ಆಚೆಯಿಂದ ಅಕ್ಕಪಕ್ಕದ ಹೆಂಗಸರು ಇಣುಕುವರು. ಆಫೀಸಿಗೆ ಹೋಗುವ ಗಂಡಸು ಪೊರಕೆಕೋಲು ಹಿಡಿದು ಹಿತ್ತಲಲ್ಲಿ ಏಳುತ್ತ ಕೂರುತ್ತ ಇರುವುದನ್ನು ಕಂಡು ಒಬ್ಬಾಕೆ ಅಕ್ಕನನ್ನು ಮೆಲ್ಲಗೆ ಕೇಳಿದರಂತೆ: "ನಿಮ್ಮ ತಮ್ಮನಿಗೆ ಹೆಣ್ಣು ನೋಡ್ತಿದೀರಿ ಅಂದ್ರಲ್ಲ, ಇದನ್ನ ಅವರಿಗೆ ಹೇಳಿದೀರಾ?" ಅಂದಿನಿಂದ ಅಕ್ಕ ಹಿತ್ತಲ ಬಾಗಿಲು ಮುಚ್ಚತೊಡಗಿದಳು. ನಮ್ಮ ಮನೆಯಲ್ಲಿ ಒಬ್ಬೊಬ್ಬರ ನಾಚಿಕೆಗೂ ಒಂದೊಂದು ಬಾಗಿಲು ಬೇಕಾಗಿತ್ತು.

ಆಟದ ದಿನ ಬಂತು. ಭಾವ ಇನ್ನೊಂದು ಸುಧಾರಣೆ ಮಾಡಿದ್ದರು. ರಾತ್ರಿ ಹತ್ತಕ್ಕೆ ಶುರುವಾಗಿ ಕೋಳಿ ಕೂಗುವವರೆಗೆ ಎಳೆಯುವುದು ಬೇಡ, ಹೊತ್ತು ಮುಳುಗುತ್ತಲೇ ಶುರು ಮಾಡಿ ಊಟದ ವೇಳೆಗೆ ಮುಗಿಸೋಣ ಎಂದು. ಹಿಂದೆ ಒಂದು ಬಿಳಿಯ ಬಟ್ಟೆ, ಮುಂದೆ ಮೇಜು, ಎರಡು ಕುರ್ಚಿ. ಸಾದಾ ನೀಲಿ ಅಂಗಿ ತೊಟ್ಟು ರಂಗದ ಮೇಲೇ ನಿಂತ ಆಳು ಸ್ವತಃ ಭಾವ. ಚೀನಾದವರು ಕೈಬಿಟ್ಟದ್ದನ್ನು ಯಲಹಂಕದವರು ಎತ್ತಿ ಹಿಡಿದಿದ್ದರು.

ಜನ ಬಂದರು. ನೋಡಿದರು. ಪರದೆ ಇಲ್ಲ, ಹೊತ್ತಿಗೆ ಮುಂಚೆಯೇ ಹಾರ್ಮೋನಿಯಂ ಕೇಳುತ್ತಿದೆ. ಬುದ್ಧಿ ಇದ್ದವರು ಏನು ತಿಳಿಯಬೇಕೋ ಅದನ್ನೇ ತಿಳಿದರು: ಇದು ಇನ್ನೂ ತಾಲೀಮು. ಸೀನರಿಯ ಗಾಡಿ ಬಂದಿಲ್ಲ. ಹೆಂಗಸರು ಮಂಕರಿಯಲ್ಲಿ ಅವರೆಕಾಯಿ ತಂದು ಮುಂದೆ ಕೂತು ಸುಲಿಯತೊಡಗಿದರು. ಗಂಡಸರು ರಂಗಕ್ಕೆ ಅಡ್ಡಲಾಗಿ ನಿಂತು ಎಮ್ಮೆಯ ವ್ಯಾಪಾರ ಮಾತಾಡಿದರು. ಬೈಲಪ್ಪ ರಾಜ್ಯ ಕಳೆದುಕೊಂಡು ಗೋಳಾಡುತ್ತಿದ್ದಾಗ ಊರಿನ ಹಿರಿಯರೊಬ್ಬರು ಎದ್ದು ನಿಂತು, ಕೈಯೆತ್ತಿ, ಬಹಳ ವಿಶ್ವಾಸದಿಂದ ಹೇಳಿದರು:

"ಗಂಗಾಧರಪ್ನೋರೇ, ಅವಸರ ಏನೂ ಇಲ್ಲ. ಸೀನ್ರಿ ಬರ್ಲಿ. ಕಾಯ್ತೀವಿ."

ಭಾವ ಮಾತಾಡಲಿಲ್ಲ. ಆಡುವಂತಿರಲಿಲ್ಲ. ನೀಲಿ ಅಂಗಿಯವನು ರಂಗದ ಮೇಲೆ ಕಂಡರೂ ಇಲ್ಲವೆಂದೇ ಲೆಕ್ಕವಷ್ಟೆ? ಇಲ್ಲದವನು ಉತ್ತರ ಕೊಡುವುದು ಹೇಗೆ? ಅವರು ಗಂಭೀರವಾಗಿ ಒಂದು ಕುರ್ಚಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟರು.

"ಗಾಡಿ ಎಲ್ಲಾದ್ರೂ ಹೂತ್ಕೊಂಡೈತಾ? ಎತ್ತು ಕಳಿಸೋಣ್ವಾ?"

ಭಾವ ಕುರ್ಚಿಯ ಧೂಳು ಒರೆಸಿದರು.

"ನಾಚ್ಕೆ ಪಡ್ತಾವ್ರೆ ಪಾಪ" ಎಂದರು ಹಿರಿಯರು. ಮನಸ್ಸಿನ ಒಳ್ಳೆಯತನಕ್ಕೆ ಆ ಹಳ್ಳಿಯನ್ನು ಮೀರಿಸುವವರಿಲ್ಲ. ಕೂಡಲೇ ಇಬ್ಬರು ಯುವಕರು ಗಾಡಿ ಕಟ್ಟಿಕೊಂಡು ಕೆರೆ ಏರಿಯ ಮೇಲೆ ಯಲಹಂಕಕ್ಕೆ ಹೊರಟರು. ನಾನು ಪಕ್ಕದಲ್ಲಿ ಹುಟ್ಟು ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದೆ. ನನ್ನ ಚಿಂತೆ ಬೇರೆಯೇ ಇತ್ತು. ಹಿಂದಿನ ಸಾಲಿನಲ್ಲಿ ನನ್ನ ಆಫೀಸಿನ ಇಬ್ಬರು ಬಂದು ನಿಂತಿದ್ದರು.

ಕೊನೆಗೆ ನದಿಯ ಸೀನು. ನಾನು ಹೋದೆ. ಕಾಲು ನಡುಗುತ್ತಿತ್ತು. ದೋಣಿಯಲ್ಲಿ ಅದು ಸಹಜವಾಗಿಯೇ ಕಂಡಿರಬೇಕು. ಬೈಲಪ್ಪ ಕಾಲಿಟ್ಟ; ನಾನು ಎದ್ದೆ; ಅವನು ಎದ್ದ; ನಾನು ಕುಸಿದೆ. ಮೊದಲು ನಗು. ಆಮೇಲೆ ಗುಜುಗುಜು. ಆಮೇಲೆ ಎಲ್ಲೋ ಒಂದು ಕಡೆ, "ಏಯ್, ನೀರು ಕಣ್ರಲಾ!" ಎಂದು ಒಂದು ಮುದುಕನ ದನಿ. ಶೆಟ್ಟಿಹಳ್ಳಿಯಿಂದ ಬೀಗರ ಮನೆಗೆಂದು ಬಂದಿದ್ದ ಚಿಕ್ಕಮುನಿಯಪ್ಪ ಎಂಬ ಹಳೆಯ ರೈತನದು. ಎಮ್ಮೆಯ ವ್ಯಾಪಾರ ನಿಂತಿತು. ಅವರೆಕಾಯಿ ಸುಲಿಯುವ ಸದ್ದು ನಿಂತಿತು. ನಾನು ಹುಟ್ಟನ್ನು ಒಂದು ಸಲ ಜೋರಾಗಿ ಎಳೆದೆ. ಆಗ ಮುಂದೆ ಕೂತಿದ್ದ ಹೆಂಗಸೊಬ್ಬಳು ತನಗೇ ತಿಳಿಯದೆ ಸೀರೆಯ ನಿರಿಗೆಯನ್ನು ಮೇಲಕ್ಕೆಳೆದುಕೊಂಡು ಅವರೆಕಾಯಿಯ ಮಂಕರಿಯನ್ನು ಹಿಂದಕ್ಕೆ ಸರಿಸಿದಳು. ಅದು ನೆನೆಯಬಾರದಲ್ಲ.

ನಾನು ನೋಡಿದೆ. ಭಾವನೂ ನೋಡಿದರು. ಇಲ್ಲದವನು ಅಳಬಹುದೋ ಬಾರದೋ, ಅವರ ಗದ್ದ ನಡುಗುತ್ತಿತ್ತು.

ಅಷ್ಟರಲ್ಲಿ ಧಡ್ ಎಂದು ನಮ್ಮ ಹಿಂದೆ ಪರದೆ ಬಿತ್ತು.

ಗಾಡಿ ಬಂದಿತ್ತು. ಹುಡುಗರು ಒಂದು ನಿಮಿಷ ತಡಮಾಡದೆ ತಂದ ಪರದೆಯನ್ನು ಬಿದಿರಿಗೆ ಕಟ್ಟಿ ಇಳಿಬಿಟ್ಟಿದ್ದರು. ಅದು ಜೈಲು. ದಪ್ಪ ಸರಳುಗಳು, ಗೋಡೆಯಲ್ಲಿ ಕೋಳ, ನನ್ನ ಹಾಸಿಗೆಯ ಪಕ್ಕದ್ದೇ. "ಜೈಲ್ನಾಗೆ ನೀರ್ ನುಗ್ಗೈತೆ!" ಎಂದು ಯಾರೋ ಕೂಗಿದರು. ಆಮೇಲೆ ಚಪ್ಪಾಳೆ, ಶಿಳ್ಳೆ, ನಿಜವಾದ ಸಂತೋಷ. ಕೊನೆಗೂ ನಾಟಕ ಶುರುವಾಗಿತ್ತು. ಬೈಲಪ್ಪ ನಡುನೀರಿನಲ್ಲಿ ದೋಣಿಯಿಂದ ಇಳಿದು, ಹೊಳೆಯ ಮೇಲೇ ನಡೆದು ಮುಂದೆ ಬಂದು, ಕೈಮುಗಿದು, ಹಾರ್ಮೋನಿಯಂ ಮೇಷ್ಟ್ರಿಗೆ ಶ್ರುತಿ ಏರಿಸುವಂತೆ ಸನ್ನೆ ಮಾಡಿದ.

ನಾನು ಇಳಿಯಲಿಲ್ಲ. ಹುಟ್ಟು ಹಿಡಿದು ಅಲ್ಲೇ ಅರ್ಧ ಕುಸಿದ ಭಂಗಿಯಲ್ಲಿ ನಿಂತಿದ್ದೆ, ಸೀನು ಮುಗಿಯುವವರೆಗೂ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಗಾಡಿಯ ಹುಡುಗರು, "ಜನ ಕಾಯ್ತಾವ್ರೆ, ಸಾಮಾನು ಮರ್ತವ್ರೆ" ಎಂದಿದ್ದರಂತೆ. ಗಂಡ ಮರೆತಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನಾಲ್ಕು ಜನರ ಮುಂದೆ ಅವರು ತಲೆ ತಗ್ಗಿಸಬಾರದು ಎಂದು ತಾನೇ ದೀಪ ಹಿಡಿದು, "ನದೀದು ಅದೇ ಇರ್ಬೇಕು" ಎಂದು ಒಂದು ಸುರುಳಿ ತೋರಿಸಿ ಹೊರಿಸಿ ಕಳಿಸಿದ್ದಳು.

"ನದಿ ಸರಿಯಾದ ಹೊತ್ತಿಗೆ ಬಂತಾ?" ಎಂದು ಕೇಳಿದಳು.

ಭಾವ ಪೇಟ ಬಿಚ್ಚುತ್ತ, "ಬಂತು ನಂಜಿ. ಮರ್ಯಾದೆ ಉಳೀತು" ಎಂದರು. ನನ್ನ ಕಡೆ ಒಂದು ಸಲ ನೋಡಿದರು. ನಾನು ಕೈಕಾಲು ತೊಳೆಯಲು ಹೋದೆ.

ಅವಳಿಗೆ ತಿಳಿಯದೆ ಹೋಗಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಚಿಕ್ಕಮುನಿಯಪ್ಪ ಹುಡುಕಿಕೊಂಡು ಬಂದು ಜಗುಲಿಯ ಮೇಲೆ ಕೂತ.

"ಅದೇನ್ ಸ್ವಾಮಿ, ಚೀನಾದ ಆಟ ಅಂತಿದ್ರಂತೆ? ಇದ್ಯಾವ ಚೀನಾ? ನಮ್ ತಾತ ಬಯಲಾಟದಾಗೆ ಇಂಗೇ ಒಂದ್ ಕೋಲ್ ಇಡ್ಕೊಂಡು ಕುದ್ರೆ ಅನ್ನೋನು. ಪರ್ದೆ ಯಾವ ಕಾಲ್ದಾಗಿತ್ತು? ಅದು ನಾಟಕದ್ ಕಂಪ್ನಿಯೋರು ತಂದ್ ಸೋಕಿ. ನೆನ್ನೆ ಎಷ್ಟ್ ದಿನ ಆದ್ಮ್ಯಾಕೆ ನೀರ್ ಕಂಡೆ ಅಂದ್ರೆ... ಆ ಪರ್ದೆ ಯಾಕ್ ಬಿಡ್ಸುದ್ರಿ ಸ್ವಾಮಿ? ನೀರೆಲ್ಲ ಇಂಗೋಯ್ತು."

ಅಕ್ಕ ಕಾಫಿಯ ಲೋಟ ಹಿಡಿದು ಹೊಸಲಿನ ಮೇಲೆ ನಿಂತಿದ್ದಳು. ಅವಳ ಮುಖ ನಾನು ನೋಡಲಿಲ್ಲ. ಕಾಫಿಯನ್ನು ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು.

ಭಾವನಿಗೆ ಆ ಬೆಳಿಗ್ಗೆ ಎರಡನೆಯ ನಾಚಿಕೆ ಹಿಡಿಯಿತು. "ಚೀನಾತನಕ ಹೋಗಿ ಕದ್ದು ತಂದೆ, ಬಿಚ್ಚಿ ನೋಡಿದ್ರೆ ನಮ್ಮನೆ ಪಾತ್ರೆ" ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವವರುಂಟು; ಹಿತ್ತಲಲ್ಲಿ ಗಿಡವಿತ್ತೆಂಬುದನ್ನೇ ಚೀನಾದವರು ಬಂದು ಹೇಳಬೇಕಾಯಿತಲ್ಲ ಎಂಬುದು ಅವರ ಸಂಕಟ. ಅದಾದ ಮೇಲೆ ಅವರು ತೆಪ್ಪಗೆ ಪರದೆ ಬಾಡಿಗೆಗೆ ಕೊಡತೊಡಗಿದರು. ಒಲೆ ಹೊತ್ತಿತು. ಆದರೆ ಕುರ್ಚಿ ತಿರುಗಿತು.

"ಯಾಕ್ ಭಾವ ಹೀಗೆ ಕೂರ್ತೀರಿ? ಜನ ನಗ್ತಾರೆ" ಎಂದು ಒಮ್ಮೆ ಕೇಳಿದೆ.

"ಹಿಂದೆ ಇರೋದು ನಾನು ಬರೆಸಿದ್ದು. ನೋಡೋಕೆ ನಾಚಿಕೆ. ಅಲ್ಲದೆ ನದಿ ಅಲ್ಲಿ ಇರಲ್ಲ ಕಣೋ, ಇಲ್ಲಿರುತ್ತೆ" ಎಂದು ಜನರ ಕಡೆ ಗದ್ದ ಎತ್ತಿ ತೋರಿಸಿದರು. "ಇನ್ನೊಂದ್ ಸಲ ಯಾರಾದ್ರೂ ಸೀರೆ ಎತ್ಕೋತಾರೇನೋ ಅಂತ ಕಾಯ್ತಿದೀನಿ."

ನನ್ನ ಕಷ್ಟ ಶುರುವಾದದ್ದೂ ಆಗಲೇ. ಭಾವ ಹೋದಲ್ಲೆಲ್ಲ ನನ್ನನ್ನು ಹೊಗಳತೊಡಗಿದರು. "ಊರೇ ಚಪ್ಪಾಳೆ ಹೊಡೀತು, ರಾಜ ನೀರಿಗೆ ಇಳಿದ, ನಮ್ಮ ರುದ್ರ ಇಳೀಲಿಲ್ಲ. ದೋಣಿ ಬಿಡಲಿಲ್ಲ. ಅದು ಕಲಾವಿದ ಅಂದ್ರೆ." ನನ್ನ ಮದುವೆಯಲ್ಲಿ ಬೀಗರಿಗೂ ಇದೇ ಪರಿಚಯ. ನನ್ನ ಮಾವನವರು ನನ್ನನ್ನು ಬಹುಕಾಲ ಒಬ್ಬ ದೋಣಿ ಇಲಾಖೆಯ ನೌಕರನೆಂದೇ ತಿಳಿದಿದ್ದರು. ಸತ್ಯ ಇಷ್ಟೇ: ಪರದೆ ಬಿದ್ದ ಸದ್ದಿಗೆ ಬೆಚ್ಚಿದಾಗ ನಾನು ಉಟ್ಟಿದ್ದ ಪಂಚೆಯ ಗಂಟು ಬಿಚ್ಚಿಹೋಗಿತ್ತು. ಹುಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರಿಂದ ಅದು ನಿಂತಿತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಹಿಂದಿನ ಸಾಲಿನ ನನ್ನ ಸಹೋದ್ಯೋಗಿಗಳಿಗೆ ಇಲಾಖೆಯ ಸಮಸ್ತ ಗೌರವವೂ ಕಾಣಿಸಿಬಿಡುತ್ತಿತ್ತು. ಬೈಗುಳ ತಿಂದ ನಾಚಿಕೆ ನಾಲ್ಕು ದಿನಕ್ಕೆ ಆರುತ್ತದೆ. ಸಲ್ಲದ ಹೊಗಳಿಕೆಯ ನಾಚಿಕೆ ವರ್ಷ ಕಳೆದಂತೆ ಬಡ್ಡಿ ಬೆಳೆಸುತ್ತದೆ.

ಮುಂದೆ ಗಡಿಯಲ್ಲಿ ಯುದ್ಧವಾಗಿ ಅಣ್ಣತಮ್ಮಂದಿರು ಬೇರೆಯಾದಾಗ ಬೀದಿಯವರಿಗೆ ಭಾವನ ಹಳೆಯ ಆಟ ನೆನಪಾಯಿತು. ಯಾರ ಮಾತು ಎಲ್ಲಿಗೆ ಹೋಯಿತೋ, ಒಂದು ದಿನ ಪೋಲೀಸಿನವರೊಬ್ಬರು ಸೈಕಲ್ಲಿನಲ್ಲಿ ಬಂದು ವಿಚಾರಣೆಗೆ ಕೂತರು. ಹಿರಿಯರು, ಹೊಟ್ಟೆ ಸ್ವಲ್ಪ ಮುಂದೆ ಬಂದವರು.

"ಚೀನಾದವರ ಸಾಮಾನು ಏನೋ ನಿಮ್ಮಲ್ಲಿದೆಯಂತೆ?"

ಭಾವ ಒಳಗಿನಿಂದ ಕುಚ್ಚು ಕಟ್ಟಿದ ಚಾವಟಿ ತಂದು ಕೊಟ್ಟರು. ತಾಲೀಮಿಗೆಂದು ಅವರೇ ಮಾಡಿಕೊಂಡದ್ದು.

"ಏನ್ರೀ ಇದು?"

"ಕುದುರೆ, ಸ್ವಾಮಿ."

"ತಮಾಷೆ ಬೇಡ."

"ಇಲ್ಲ ಸ್ವಾಮಿ, ಹತ್ತಿ ನೋಡಿ. ಸಾಧು ಕುದುರೆ."

ನಾನು ಇನ್ನು ಭಾವನನ್ನು ಎಳೆದುಕೊಂಡು ಹೋಗುತ್ತಾರೆಂದು ನಾಚಿಕೆಯಿಂದಲೂ ಭಯದಿಂದಲೂ ಕಂಬಕ್ಕೆ ಅಂಟಿಕೊಂಡೆ. ಆದರೆ ಪೋಲೀಸಿನವರು ತಮ್ಮ ಕಾಲದಲ್ಲಿ ಗದೆ ಹಿಡಿದು ಕುಣಿದವರೇ. ಚಾವಟಿಯನ್ನು ಹಿಂದೆ ಮುಂದೆ ತಿರುಗಿಸಿದರು. ಭಾವ ಎಡಗಾಲು ಎಲ್ಲಿಡಬೇಕು, ಲಗಾಮು ಎಲ್ಲಿ ಹಿಡಿಯಬೇಕು ಎಂದು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ಖಾಕಿ ಚಡ್ಡಿಯ ಸವಾರರು ಎರಡು ಸುತ್ತು ಬಂದು, ಬೆವರೊರೆಸಿಕೊಂಡು, ಕೆಳಗಿಳಿದು, ಚಾವಟಿಯನ್ನು ನುಗ್ಗೆಮರಕ್ಕೆ ಒರಗಿಸಿ, ಹೊರಡುವ ಮುಂದೆ ಮೆಲ್ಲಗೆ ಹೇಳಿದರು:

"ನೆರಳಲ್ಲಿ ಕಟ್ಟಿದೀನಿ. ನೀರು ತೋರ್ಸಿ."

ವಿಚಾರಣೆ ಅಲ್ಲಿಗೆ ಮುಗಿಯಿತು. ಭಾವ ಆ ದಿನವೆಲ್ಲ ಮುಗುಳ್ನಗುತ್ತಿದ್ದರು. ಅಕ್ಕ ಮಾತ್ರ ನಗಲಿಲ್ಲ. ಆ ಪರದೆಯ ದಿನದಿಂದ ಅವಳು ಗಂಡನ ಈ ಆಟದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಭಾವ ಆಗಾಗ ಚೇಷ್ಟೆಗೆ ಹೊಸಲಿನ ಹತ್ತಿರ ನಿಂತು, ದೋಣಿ ಹತ್ತಿಸುವವರ ಹಾಗೆ ಕೈ ಚಾಚಿ, "ನಿಧಾನ ನಂಜಿ, ಅಲ್ಲಾಡುತ್ತೆ" ಎಂದರೆ, "ದಾರಿ ಬಿಡಿ, ಕೈಯಲ್ಲಿ ಬಿಸಿ ಸಾರಿದೆ" ಎಂದು ದಾಟಿಹೋಗುವಳು. ಬೈದಳೆಂದು ನಾನು ತಿಳಿಯುತ್ತಿದ್ದೆ. ಅವಳಿಗೆ ಮುಖ ತೋರಿಸಲಾಗುತ್ತಿರಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಭಾವ ಹಾಸಿಗೆ ಹಿಡಿದರು. ನನಗೆ ಬೇರೆ ಊರಿಗೆ ವರ್ಗವಾ​ಗಿತ್ತು. ರಜೆ ಹಾಕಿ ನೋಡಲು ಬಂದೆ. ಟೆಂಟ್ ಸಿನಿಮಾ ಬಂದು ಸೀನರಿಯ ವ್ಯಾಪಾರ ಮುಗಿದಿತ್ತು. ಕಾಡು ಯಾರದೋ ಹೊಲದಲ್ಲಿ ರಾಗಿಯ ಬಣವೆಯ ಮೇಲೆ ಹೊದಿಕೆಯಾಗಿತ್ತು. ದರ್ಬಾರು, ಬೀದಿ, ನದಿ ಎಲ್ಲಿ ಹೋದವೋ. ಯಾರಿಗೂ ಬೇಡವಾಗಿ ಉಳಿದದ್ದು ಜೈಲು. ಅದು ಸುತ್ತಿಕೊಂಡು ಗೋಡೆಗೆ ಒರಗಿತ್ತು. ಅದರ ಪಕ್ಕ ಹಗ್ಗದ ಮಂಚದ ಮೇಲೆ ಭಾವ. ಮೈಯಲ್ಲಿ ಏನೂ ಉಳಿದಿರಲಿಲ್ಲ.

"ಬಂದೆಯಾ? ದಡ ಸಿಕ್ತಾ?" ಎಂದರು. ಪಕ್ಕದ ಮನೆಯವರೊಬ್ಬರು ನೋಡಲು ಬಂದಿದ್ದರು. ಭಾವ ಅವರಿಗೂ ಶುರು ಮಾಡಿದರು, "ಇವನೇ ನೋಡಿ, ದೋಣಿ ಬಿಡದೆ ಇದ್ದವನು..."

ಅವರು ಹೋಗುವವರೆಗೆ ತಡೆದುಕೊಂಡೆ. ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡೆ. "ಭಾವ, ಇನ್ನು ಸಾಕು. ಅವತ್ತು ನಾನು ನಿಂತದ್ದು..."

"ಪಂಚೆ ಬಿಚ್ಚಿತ್ತು."

ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ನಾನೇನು ದೂರದಲ್ಲಿದ್ನಾ? ರಂಗದ ಮೇಲೇ ಇದ್ದೆನಲ್ಲೋ. ಇಲ್ಲದವನಿಗೆ ಎಲ್ಲ ಕಾಣುತ್ತೆ." ಸ್ವಲ್ಪ ಉಸಿರು ತೆಗೆದುಕೊಂಡರು. "ಯಾವ ಕಾರಣಕ್ಕೋ, ಒಬ್ಬ ದೋಣೀಲಿ ಉಳಿದ. ನನಗೆ ಅಷ್ಟು ಸಾಕಾಗಿತ್ತು."

ಅಷ್ಟರಲ್ಲಿ ಅಕ್ಕ ಗಂಜಿಯ ಬಟ್ಟಲು ಹಿಡಿದು ಹೊಸಲಿನ ಹತ್ತಿರ ಬಂದಳು. ಭಾವ ಕಷ್ಟಪಟ್ಟು ಒಂದು ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಅವಳ ಕಡೆ ಚಾಚಿದರು.

"ನಿಧಾನ ನಂಜಿ. ಅಲ್ಲಾಡುತ್ತೆ."

ನಾನು, ಇನ್ನು ದಾರಿ ಬಿಡಿ ಎನ್ನುತ್ತಾಳೆ ಎಂದುಕೊಂಡೆ. ಅಕ್ಕ ನಿಂತಳು. ನನ್ನ ಕಡೆ ಒಂದು ಸಲ, ನೆಲದ ಕಡೆ ಒಂದು ಸಲ ನೋಡಿದಳು. ಗಂಜಿಯನ್ನು ಕಿಟಕಿಯ ಮೇಲಿಟ್ಟಳು. ಆಮೇಲೆ ಎಡಗೈಯಲ್ಲಿ ಸೀರೆಯ ನಿರಿಗೆಯನ್ನು ಪಾದದಿಂದ ಒಂದು ಗೇಣು ಮೇಲಕ್ಕೆತ್ತಿ, ಹೊಸಲು ದಾಟಿ, ಆ ಒಣ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದು, ಅವರ ಕೈ ಹಿಡಿದುಕೊಂಡು, ಮಂಚದ ಕಾಲ್ದೆಸೆಯಲ್ಲಿ ಕೂತಳು. ಕೂತ ಭಾರಕ್ಕೆ ಆ ತುದಿ ಕುಸಿಯಿತು. ಈ ತುದಿಯಲ್ಲಿ ಭಾವ ಸ್ವಲ್ಪ ಮೇಲೆದ್ದರು. ಹಗ್ಗದ ಮಂಚದ ಗುಣವೋ, ಅವರ ವಿದ್ಯೆಯೋ, ನನಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ಏನು ನಡೆಯಿತೋ ನನ್ನನ್ನು ಕೇಳಬೇಡಿ. ನಾನು ಸ್ಟೂಲನ್ನು ತಿರುಗಿಸಿಕೊಂಡು, ಜೈಲಿನ ಕಡೆ ಮುಖ ಮಾಡಿ, ಅವರಿಬ್ಬರಿಗೂ ಬೆನ್ನು ಹಾಕಿ ಕೂತಿದ್ದೆ.